ಹಿಟ್ಟಿದ್ದರೆ ಹಾಕಿ

ರವೆ ಹುರಿಯುವ ವಾಸನೆ ಮೂಗಿಗೆ ಬಡಿದರೆ ನನಗೆ ಎದ್ದು ಓಡಬೇಕು ಅನ್ನಿಸುತ್ತದೆ. ಕೆಟ್ಟ ವಾಸನೆಯೇನಲ್ಲ. ಸಣ್ಣ ಉರಿಯಲ್ಲಿ ಎರಡು ಚಮಚ ಎಣ್ಣೆ ಬಿಟ್ಟು ಹುರಿದ ಬನ್ಸಿ ರವೆಯ ಘಮಕ್ಕೆ ಒಂದು ಕಾಲದಲ್ಲಿ ನಾನೂ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದವಳೇ. ಆದರೆ ಯಾರದೋ ಮನೆಯ ಪಡಸಾಲೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ತೊಡೆಯಲ್ಲಿ ಮೊಬೈಲು ಇಟ್ಟುಕೊಂಡು ಕೂತಿರುವಾಗ ಒಳಗಿನಿಂದ ಆ ಘಮ ಬಂತೆಂದರೆ ಅದರ ಅರ್ಥ ಒಂದೇ. ಮನೆಯಾಕೆ ನನಗಾಗಿಯೇ ಉಪ್ಪಿಟ್ಟಿಗೆ ಇಟ್ಟಿದ್ದಾಳೆ. ಇನ್ನು ಹತ್ತೇ ನಿಮಿಷ, ನಾನು ಆಕೆಯ ಮನಸ್ಸು ನೋಯಿಸುವವಳಿದ್ದೇನೆ.

2025ರ ದಸರಾ ರಜೆಯಲ್ಲಿ ನಾವು ಮೇಷ್ಟರುಗಳೆಲ್ಲ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಅಂತ ಮನೆಮನೆ ತಿರುಗಿದೆವಲ್ಲ, ಆಗ ಈ ಘಮವನ್ನು ದಿನಕ್ಕೆ ಎರಡು ಮೂರು ಸಲ ಎದುರಿಸಿದ್ದೇನೆ. ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ತವರು ಶ್ರೀನಿವಾಸಪುರದ ಕಡೆ ಹಳ್ಳಿ, ಅತ್ತೆಮನೆ ಮಾಲೂರು, ಬಾಡಿಗೆ ಮನೆ ಕೋಲಾರ. ನಾಲ್ಕು ತಾಲ್ಲೂಕಿಗೂ ನನ್ನನ್ನು ಪಾಲು ಹಾಕಿದ್ದಾರೆ. ನಾಲ್ಕೂ ಕಡೆ ಉಣ್ಣುವ ಸಂದರ್ಭ ಬರುತ್ತದೆ, ನಾಲ್ಕೂ ಕಡೆ ‘ಬೇಡ’ ಅನ್ನುವ ಸಂದರ್ಭವೂ ಬರುತ್ತದೆ. ಸಮೀಕ್ಷೆಯಲ್ಲಿ 60 ಪ್ರಶ್ನೆ. ಜಾತಿ, ಓದು, ಕೆಲಸ, ಜಮೀನು ಎಲ್ಲ ಕೇಳಿ, ನೆಟ್‌ವರ್ಕ್ ಹುಡುಕಿಕೊಂಡು ಅಂಗಳಕ್ಕೆ ಹೋಗಿ ಬರುವಷ್ಟರಲ್ಲಿ ಒಳಗೆ ಧಾರಾಳವಾಗಿ ಒಂದು ಉಪ್ಪಿಟ್ಟು ಆಗುತ್ತದೆ.

“ನಂಗೆ ಗೋದಿ ಆಗಲ್ಲಮ್ಮ” ಅನ್ನುತ್ತೇನೆ.

“ಗೋದಿ ಎಲ್ಲೈತೆ ಮೇಡಂ? ಇದು ರವೆ.”

ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಕಡೆ ಗೋಧಿ ಅಂದರೆ ಚಪಾತಿ. ರವೆ ರವೆಯ ಗಿಡದಲ್ಲಿ ಬೆಳೆಯುತ್ತದೆ. ಶಾವಿಗೆ ಪ್ಯಾಕೆಟ್ಟಿನಲ್ಲಿ ಹುಟ್ಟುತ್ತದೆ. ಮೈದಾ ಮರಗೆಣಸಿನಿಂದ ಬರುತ್ತದೆಂದು ನನ್ನೊಡನೆ ಪಟ್ಟು ಹಿಡಿದು ವಾದಿಸಿದ ಒಬ್ಬರು ನಮ್ಮದೇ ಶಾಲೆಯ ಸ್ಟಾಫ್ ರೂಮಿನಲ್ಲಿದ್ದಾರೆ. ಅವರೂ ಓದಿದ್ದು ಸೈನ್ಸೇ.

ನನಗಿರುವ ಕಾಯಿಲೆಯ ಹೆಸರು ಸೀಲಿಯಾಕ್. ಅತ್ತೆಗೆ ಮೊದಲ ಸಲ ಹೇಳಿದಾಗ “ಸೀರೆ ಯಾಕಾ?” ಅಂದರು. ಆಸ್ಪತ್ರೆಯಿಂದ ಬಂದವಳು ಸೀರೆ ವಿಷಯ ಎತ್ತಿದ್ದಾಳೆ ಅಂತ ಅವರಿಗೆ ಗಾಬರಿ. ಆಮೇಲೆ ಹೆಸರು ಬಿಟ್ಟು ಅರ್ಥ ಹೇಳಲು ಹೊರಟೆ. ಅದು ಇನ್ನೂ ಫಜೀತಿಯಾಯಿತು. ಈ ಕಾಯಿಲೆ ಎಬ್ಬಿಸುವುದು ಗ್ಲುಟೆನ್. ಆ ಮಾತಿಗೆ ಲ್ಯಾಟಿನ್ನಿನಲ್ಲಿ ಅಂಟು ಅಂತಲೇ ಅರ್ಥ. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ರಬ್ಬರಿನ ಹಾಗೆ ಎಳೆದಷ್ಟೂ ಬರುತ್ತದಲ್ಲ, ಆ ಜಿಗುಟು. ಬಾರ್ಲಿಯಲ್ಲೂ ಅದರ ದಾಯಾದಿ ಇದೆ. ರಾಗಿ, ಅಕ್ಕಿ, ಜೋಳ, ಸಜ್ಜೆ, ನವಣೆಗಳಲ್ಲಿ ಇಲ್ಲ. ಅದಕ್ಕೇ ರಾಗಿ ರೊಟ್ಟಿಯನ್ನು ನಾವು ಲಟ್ಟಿಸುವುದಿಲ್ಲ, ತಟ್ಟುತ್ತೇವೆ. ಪಾಠ ಮಾಡುವವಳ ಹುಮ್ಮಸ್ಸಿನಲ್ಲಿ ಇದನ್ನೆಲ್ಲ ಎದುರುಮನೆಯಾಕೆಗೆ ವಿವರಿಸಿ, “ಗೋದೀಲಿ ಅಂಟು ಇರುತ್ತಲ್ಲ, ಅದರಿಂದ ಬರೋ ಕಾಯಿಲೆ” ಅಂದೆ. ವಾರದೊಳಗೆ ಬೀದಿಗೆಲ್ಲ ನನಗೆ ಅಂಟುಕಾಯಿಲೆ ಅಂತಾಯಿತು. ಆಕೆ ಹಿಂದಿನ ತಿಂಗಳು ಚಕ್ಕುಲಿ ಹಾಕಿ ಕೊಟ್ಟಿದ್ದ ಸ್ಟೀಲ್ ಡಬ್ಬಿಯನ್ನು ವಾಪಸು ಕೇಳಲೇ ಇಲ್ಲ. ಈಗಲೂ ನಮ್ಮಲ್ಲೇ ಇದೆ, ಹುರಿಗಡಲೆ ತುಂಬಿಟ್ಟಿದ್ದೇನೆ.

ಕಾಯಿಲೆ ಸಿಕ್ಕಿಬೀಳಲು ಆರು ವರ್ಷ ಹಿಡಿಯಿತು. ಮೊದಲು ರಕ್ತ ಕಡಿಮೆ ಅಂದರು. ಕಬ್ಬಿಣದ ಮಾತ್ರೆ ನುಂಗಿದೆ. ಕಬ್ಬಿಣ ಒಳಗೆ ಹೋದದ್ದು ಹಾಗೇ ಹೊರಗೆ ಹೋಗುತ್ತಿತ್ತು. ಬಾಯಿಹುಣ್ಣಿಗೆ ಬಿ-ಕಾಂಪ್ಲೆಕ್ಸು, ಹೊಟ್ಟೆಯುಬ್ಬರಕ್ಕೆ ಗ್ಯಾಸ್ಟ್ರಿಕ್ ಮಾತ್ರೆ, ಭೇದಿಗೆ ಜಂತುಹುಳದ ಔಷಧಿ. ಮೂಳೆನೋವು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೋಲಾರದಲ್ಲಿ ಮೂಳೆನೋವಿಗೆ ಕಾರಣ ಕೇಳುವವರುಂಟೇ? ಸಾವಿರ ಅಡಿಯಿಂದ ಎತ್ತಿದ ಬೋರ್‌ವೆಲ್ ನೀರು, ಅದರಲ್ಲಿ ಫ್ಲೋರೈಡು. ನಾನೇ ಎಂಟನೇ ತರಗತಿಗೆ ಆ ಪಾಠ ಮಾಡಿದ್ದೇನೆ. ಈ ನಡುವೆ ಒಬ್ಬ ಹಿತೈಷಿ ಡಾಕ್ಟರು, “ರಾತ್ರಿ ಅನ್ನ ಬಿಡಿ, ಮುದ್ದೆ ಬೇಡ, ಭಾರ. ಎರಡು ಚಪಾತಿ ತಿನ್ನಿ, ಹಗುರ” ಅಂತ ಬುದ್ಧಿ ಹೇಳಿದರು. ಎರಡು ವರ್ಷ ನಿಷ್ಠೆಯಿಂದ ಚಪಾತಿ ತಿಂದೆ. ನಿಜಕ್ಕೂ ಹಗುರವಾದೆ, 54 ಕಿಲೋ ಇದ್ದವಳು 41 ಆದೆ.

ವಿಚಿತ್ರವೆಂದರೆ ಬೇಸಿಗೆ ರಜೆಯಲ್ಲಿ ತವರಿಗೆ ಹೋದರೆ ಚೇತರಿಸಿಕೊಳ್ಳುತ್ತಿದ್ದೆ. ಅಲ್ಲಿ ಅಮ್ಮ ಎರಡು ಹೊತ್ತೂ ಮುದ್ದೆ, ಸೊಪ್ಪಿನ ಸಾರು, ಮಧ್ಯಾಹ್ನ ಒಂಚೂರು ಅನ್ನ, ಹೊಟ್ಟೆ ಬಿರಿಯುವಷ್ಟು ಮಾವಿನಹಣ್ಣು ಹಾಕುತ್ತಿದ್ದಳು. ಶ್ರೀನಿವಾಸಪುರದಲ್ಲಿ ಹಣ್ಣಿನ ಕಾಲವೆಂದರೆ ಮಾವೇ ಒಂದು ಊಟ. ಬಾದಾಮಿ, ಮಲ್ಲಿಕಾ, ತೋತಾಪುರಿ, ಮಂಡಿಯ ಮುಂದೆ ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳು. ತಿಂಗಳು ಕಳೆದು ಮುಖಕ್ಕೆ ಸ್ವಲ್ಪ ಕಳೆ ಬಂದು ವಾಪಸಾದರೆ ಮೂರೇ ವಾರ, ಮತ್ತೆ ಅದೇ ಹಾಡು. “ತವರಿನ ನೀರು ಒಗ್ಗುತ್ತೆ, ನಮ್ಮನೆ ನೀರು ಒಗ್ಗಲ್ಲ” ಅಂತ ಅತ್ತೆ ಮುಖ ಊದಿಸಿಕೊಂಡರು. ಅಮ್ಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ ದೃಷ್ಟಿ ತೆಗೆಸಿದಳು.

ಇಂಥದ್ದೇ ಒಂದು ಸಂಗತಿ ನೆದರ್ಲೆಂಡ್ಸಿನಲ್ಲಿ ನಡೆದಿತ್ತು ಅಂತ ಆಮೇಲೆ ಓದಿದೆ. 1944–45ರ ಚಳಿಗಾಲ, ಯುದ್ಧದ ಕೊನೆ. ಆ ದೇಶದಲ್ಲಿ ಬ್ರೆಡ್ಡಿಗೆ ಗತಿಯಿಲ್ಲದೆ ಜನ ಟ್ಯುಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದರು. ಊರೆಲ್ಲ ಸೊರಗುತ್ತಿದ್ದರೆ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿಕೊಳ್ಳುತ್ತಿದ್ದವು. ಬ್ರೆಡ್ಡು ಮತ್ತೆ ಬಂದ ಮೇಲೆ ಅದೇ ಮಕ್ಕಳು ಮತ್ತೆ ಮಲಗಿದವು. ಗೋಧಿಯೇ ಕಳ್ಳ ಅಂತ ಮೊದಲಿನಿಂದಲೂ ಅನುಮಾನ ಪಟ್ಟಿದ್ದ ವಿಲ್ಲೆಮ್ ಡಿಕ್ಕೆ ಎಂಬ ಮಕ್ಕಳ ಡಾಕ್ಟರು 1950ರಲ್ಲಿ ಅದನ್ನು ಪ್ರಬಂಧವಾಗಿ ಬರೆದರು. ಅದಕ್ಕೂ ಮೊದಲು ಅಮೆರಿಕದಲ್ಲಿ ಈ ಮಕ್ಕಳಿಗೆ ಬಾಳೆಹಣ್ಣು ತಿನ್ನಿಸಿ ಬದುಕಿಸುತ್ತಿದ್ದರಂತೆ, ಬಾಳೆಹಣ್ಣಿನಲ್ಲಿ ಏನೋ ಶಕ್ತಿಯಿದೆ ಅಂದುಕೊಂಡು. ಶಕ್ತಿಯಿದ್ದದ್ದು ಬಾಳೆಹಣ್ಣಿನಲ್ಲಲ್ಲ, ಅದು ತಟ್ಟೆಯಿಂದ ಹೊರಗೆ ದಬ್ಬಿದ ಬ್ರೆಡ್ಡಿನಲ್ಲಿ. ನಮ್ಮಮ್ಮನ ಮುದ್ದೆಯ ಮಹಿಮೆಯೂ ಅಷ್ಟೇ ಇರಬಹುದು. ಅಮ್ಮನ ಮುಂದೆ ಇದನ್ನು ಹೇಳಿಲ್ಲ.

ಕೊನೆಗೆ ಬೆಂಗಳೂರಿನ ಒಬ್ಬ ಡಾಕ್ಟರು ಟಿಟಿಜಿ ಎಂಬ ರಕ್ತ ಪರೀಕ್ಷೆ ಬರೆದರು. ಅಂಕಿ ಮೇಲೇರಿತ್ತು. ಎಂಡೋಸ್ಕೋಪಿಯಲ್ಲಿ ಸಣ್ಣಕರುಳಿನ ಚೂರು ತೆಗೆದು ನೋಡಬೇಕು, ಅಲ್ಲಿಯವರೆಗೆ ಗೋಧಿ ಬಿಡಬೇಡಿ, ಬಿಟ್ಟರೆ ಕರುಳು ಚೇತರಿಸಿಕೊಂಡು ಕಾಯಿಲೆಯೇ ಕಾಣಿಸದೆ ಹೋಗಬಹುದು ಅಂದರು. ಕಳ್ಳನನ್ನು ಹಿಡಿಯಲು ಇನ್ನೊಂದೆರಡು ವಾರ ಮನೆ ಬಾಗಿಲು ತೆರೆದಿಟ್ಟು ಮಲಗಿ ಅಂದ ಹಾಗೆ. ಗೊತ್ತಿದ್ದೂ ತಿಂದೆ. ಪರೀಕ್ಷೆಯ ಹಿಂದಿನ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಒಂದು ಖಾರಾ ಬನ್ ತೆಗೆದುಕೊಂಡೆ. ಬೆಣ್ಣೆ ಸವರಿ ತವಾದ ಮೇಲೆ ಅಂಗಾತ ಮಲಗಿಸಿ ಬಿಸಿ ಮಾಡಿದ್ದು. ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ ಹಲ್ಲಿಗೆ ಸಿಕ್ಕಿ, ಅಂಚು ಕರುಂ ಅಂದಿತು. ಅರ್ಧ ತಿಂದು ನಿಲ್ಲಿಸಬೇಕು ಅಂತಿದ್ದವಳು ಪೇಪರಿಗೆ ಅಂಟಿದ ಪುಡಿಯನ್ನೂ ಬೆರಳಲ್ಲಿ ಒತ್ತಿ ತೆಗೆದು ತಿಂದೆ. ಇವತ್ತಿಗೂ ಕನಸಿನಲ್ಲಿ ಬರುವುದು ಹೋಳಿಗೆಯಲ್ಲ, ಅದೇ ಬನ್ನು.

ಫಲಿತಾಂಶ ಬಂದಾಗ ಡಾಕ್ಟರು ಹೇಳಿದ ಹೋಲಿಕೆ ಚೆನ್ನಾಗಿತ್ತು. ಸಣ್ಣಕರುಳಿನ ಒಳಮೈ ಟರ್ಕಿ ಟವೆಲಿನ ಥರ ಇರಬೇಕು, ಮೇಲೆಲ್ಲ ಎಳೆ ಎಳೆ. ಆ ಎಳೆಗಳೇ ಊಟದ ಸತ್ವವನ್ನು ಹೀರಿಕೊಳ್ಳುವುದು. ನಿಮ್ಮದು ಒಗೆದು ಒಗೆದು ಸವೆದ ಪಂಚೆಯ ಹಾಗಾಗಿದೆ. ಗೋಧಿ ಕಂಡರೆ ನಿಮ್ಮ ಮೈಯ ಕಾವಲುಪಡೆ ಶತ್ರು ಬಂದ ಅಂತ ತನ್ನ ಮನೆಗೇ ಬೆಂಕಿ ಇಡುತ್ತಿದೆ. ಔಷಧಿ ಇಲ್ಲ. ಗೋಧಿ ಬಿಟ್ಟರೆ ಎಳೆಗಳು ಮತ್ತೆ ಬೆಳೆಯುತ್ತವೆ. ಬಿಡಬೇಕಾದ್ದು ಬದುಕಿರುವಷ್ಟು ದಿನ.

“ನಿಮ್ಮದು ಯಾವ ಊರು?” ಅಂದರು. ಕೋಲಾರ ಅಂದೆ. “ಓ, ರಾಗಿ ಸೀಮೆ. ಹಾಗಾದರೆ ನಿಮಗೇನು ಕಷ್ಟ!” ಅಂತ ನಕ್ಕರು.

ನಾನೂ ಹಾಗೇ ಅಂದುಕೊಂಡಿದ್ದೆ. ಇಡೀ ಜಗತ್ತಿನಲ್ಲಿ ಈ ಕಾಯಿಲೆಯವರು ಬಂದು ನೆಲೆಸಲು ಒಂದು ಜಿಲ್ಲೆ ಬೇಕೆಂದರೆ ನಮ್ಮದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಇಲ್ಲಿ ಹಿಟ್ಟು ಅಂದರೇ ಮುದ್ದೆ. “ಹಿಟ್ಟು ಉಂಡ್ಯಾ?” ಅಂತ ಕೇಳುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆಯ ಹಿಟ್ಟೂ ನಮ್ಮ ಕಡೆಯವರ ಬಾಯಲ್ಲಿ ರಾಗಿಯದೇ. (ರಾಗಿ ಅಂದ ಕೂಡಲೇ ಕನಕದಾಸರ ರಾಮಧಾನ್ಯಚರಿತೆ ಎತ್ತುವುದು ವಾಡಿಕೆ. ನಾನು ಎತ್ತುವುದಿಲ್ಲ. ಅಲ್ಲಿ ಜಗಳವಾಡಿ ಸೆರೆಮನೆ ಸೇರಿದ್ದು ಅಕ್ಕಿ ಮತ್ತು ರಾಗಿ. ನನ್ನ ವ್ಯಾಜ್ಯ ಇರುವುದು ಗೋಧಿಯ ಜೊತೆ.) ಹಾಗಾಗಿ ಮನೆಯೊಳಗೆ ನನಗೆ ಕಷ್ಟವೇ ಆಗಲಿಲ್ಲ. ಕಷ್ಟ ಶುರುವಾದದ್ದು ನಾನು ಯಾರದಾದರೂ ಮನೆಗೆ ಅತಿಥಿಯಾಗಿ ಹೋದಾಗ.

ಯಾಕೆ ಅಂತ ಹೊಳೆದದ್ದು ಒಂದು ಅಧ್ಯಯನ ಓದಿದಾಗ. 2016ರಲ್ಲಿ ಡಾ. ಬಿ. ಎಸ್. ರಾಮಕೃಷ್ಣ ಮತ್ತವರ ಸಂಗಡಿಗರು ಅದನ್ನು ಪ್ರಕಟಿಸಿದ್ದರು. ದೇಶದ ಉತ್ತರ, ಈಶಾನ್ಯ, ದಕ್ಷಿಣ ಮೂರು ಕಡೆ 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷೆ ಮಾಡಿ ನೋಡಿದ್ದರು. ದಕ್ಷಿಣಕ್ಕೆ ಆರಿಸಿಕೊಂಡದ್ದು ವೆಲ್ಲೂರನ್ನು, ಅಂದರೆ ನಮ್ಮ ಮುಳಬಾಗಿಲಿನಿಂದ ಗಡಿ ದಾಟಿ ಬಸ್ಸಿನಲ್ಲಿ ಕೂತರೆ ಮಧ್ಯಾಹ್ನದ ಊಟಕ್ಕೆ ತಲುಪುವ ಊರು. ಉತ್ತರದಲ್ಲಿ ನೂರಕ್ಕೆ 1.23 ಮಂದಿಯ ರಕ್ತದಲ್ಲಿ ಸೀಲಿಯಾಕ್‌ನ ಪ್ರತಿಕಾಯಗಳು ಕಂಡವು, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಬರೀ 0.10. ಕಾಯಿಲೆಗೆ ದಾರಿ ಮಾಡಿಕೊಡುವ ವಂಶವಾಹಿ ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಎದ್ದು ಕಂಡ ವ್ಯತ್ಯಾಸ ಗೋಧಿಯದು. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು 25 ಗ್ರಾಂ.

ನನ್ನ ಕಣ್ಣು ನೆಟ್ಟದ್ದು ಆ 25 ಗ್ರಾಮಿನ ಮೇಲೆ. ಒಂದು ದಿನ ತಕ್ಕಡಿಯಲ್ಲಿಟ್ಟು ತೂಗಿಯೂ ನೋಡಿದೆ (ಶಾಲೆಯ ಲ್ಯಾಬಿನ ತಕ್ಕಡಿ, ರವೆ ತಂದುಕೊಟ್ಟದ್ದು ಅಟೆಂಡರ್). ಒಂದು ಹಿಡಿ. ಒಬ್ಬ ಅತಿಥಿಗೆ ಸಾಲದು, ಎರಡು ಹಿಡಿಯಾದರೆ ಒಂದು ತಟ್ಟೆ ಉಪ್ಪಿಟ್ಟು. ನಮ್ಮವರ ಪಾಲಿಗೆ ಗೋಧಿ ಹೊಟ್ಟೆ ತುಂಬಿಸುವ ಪದಾರ್ಥವೇ ಅಲ್ಲ, ಮರ್ಯಾದೆಯ ಪದಾರ್ಥ. ಹೊಟ್ಟೆಗೆ ರಾಗಿ ಇದೆ. ಗೋಧಿ ಬೇಕಾಗುವುದು ಯಾರಾದರೂ ಬಂದಾಗ. ಹೆಣ್ಣು ನೋಡಲು ಬಂದರೆ ಉಪ್ಪಿಟ್ಟು ಕೇಸರಿಬಾತು, ಇದ್ದಕ್ಕಿದ್ದಂತೆ ನೆಂಟರು ಬಂದರೆ ಶಾವಿಗೆ ಬಾತು, ಆಫೀಸರು ಬಂದರೆ ಬಿಸ್ಕತ್ತು, ಬೀಗರು ಬಂದರೆ ಪೂರಿ, ಹಬ್ಬ ಬಂದರೆ ಹೋಳಿಗೆ, ದೇವರು ಬಂದರೆ ಸಜ್ಜಿಗೆ. ಅಮ್ಮನ ಕಾಲದಲ್ಲಿ ಶಾಲೆಗೆ ಅಮೆರಿಕದ ಗೋಧಿ ನುಚ್ಚು ಬರುತ್ತಿತ್ತಂತೆ, ಅದರ ಉಪ್ಪಿಟ್ಟು ತಿನ್ನಲೆಂದೇ ಶಾಲೆಗೆ ಹೋಗುತ್ತಿದ್ದೆವು ಅನ್ನುತ್ತಾಳೆ. ಆಗಲೇ ಅದು ಬೇರೆ ಲೋಕದ ತಿಂಡಿ. ಮನೆಯಲ್ಲಿ ಬಿಸಿ ಮುದ್ದೆ ಹಬೆಯಾಡುತ್ತಿದ್ದರೂ ಅದನ್ನು ಬಂದವರಿಗೆ ತೋರಿಸಬಾರದು. ತಟ್ಟೆ ಮುಚ್ಚಿ ಒಲೆಯ ಹಿಂದೆ ಸರಿಸಿಡುತ್ತಾರೆ. ನಾನು ಬೇಡುವುದು ಆ ಮುಚ್ಚಿಟ್ಟಿದ್ದನ್ನು. ತಿರಸ್ಕರಿಸುವುದು ಅವರು ಹೆಮ್ಮೆಯಿಂದ ತಂದಿಟ್ಟದ್ದನ್ನು. ಹೀಗಾದರೆ ಯಾವ ಮನೆಯಾಕೆ ತಾನೆ ಸಹಿಸಿಯಾಳು!

ದೇವರ ವಿಷಯಕ್ಕೆ ಬಂದರೆ ಇನ್ನೂ ಸೂಕ್ಷ್ಮ. ಮಾಲೂರಿನಲ್ಲಿ ಅತ್ತೆಮನೆಯವರು ವರ್ಷಕ್ಕೊಂದು ಸಲ ಸತ್ಯನಾರಾಯಣ ಪೂಜೆ ಮಾಡಿಸುತ್ತಾರೆ. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು, ಎಲ್ಲವೂ ಒಂದೂಕಾಲು ಅಳತೆಯಲ್ಲಿ ಹಾಕಿ ಮಾಡಿದ ಸಪಾದ ಭಕ್ಷ್ಯ. ಕಥೆಯಲ್ಲಿ ವ್ಯಾಪಾರಿಯ ಮಗಳು ಕಲಾವತಿ, ಗಂಡ ಬಂದನೆಂಬ ಸಡಗರದಲ್ಲಿ ಪ್ರಸಾದ ತೆಗೆದುಕೊಳ್ಳದೆ ಓಡುತ್ತಾಳೆ. ಗಂಡನ ಸಮೇತ ಹಡಗು ಮಾಯವಾಗುತ್ತದೆ. ಪುರೋಹಿತರು ಈ ಭಾಗವನ್ನು ಸ್ವಲ್ಪ ನಿಧಾನಿಸಿ ಹೇಳುತ್ತಾರೆ. ಹೇಳಿ ಮುಗಿಸಿದ ಐದು ನಿಮಿಷಕ್ಕೆ ಪ್ರಸಾದದ ತಟ್ಟೆ ನನ್ನ ಮುಂದೆ ಬರುತ್ತದೆ. ಇಡೀ ಹಜಾರದ ಕಣ್ಣು ನನ್ನ ಬಲಗೈ ಮೇಲೆ. ನಾನು ತೆಗೆದುಕೊಳ್ಳುತ್ತೇನೆ, ಕಣ್ಣಿಗೊತ್ತಿಕೊಳ್ಳುತ್ತೇನೆ, ಮುತ್ತುಗದೆಲೆಯ ತುಂಡಿನಲ್ಲಿ ಮಡಿಸಿ ನಮ್ಮ ಯಜಮಾನರ ಕೈಗೆ ಕೊಡುತ್ತೇನೆ. ಅವರು ಎರಡು ಪಾಲು ತಿನ್ನುತ್ತಾರೆ. ಹಡಗು ಈವರೆಗೆ ಮುಳುಗಿಲ್ಲ, ಸ್ವಲ್ಪ ಭಾರವಾಗಿದೆ ಅಷ್ಟೇ. ಮೊದಮೊದಲು ಕೈ ಒರೆಸಿಕೊಂಡು ಬಿಡುತ್ತಿದ್ದೆ. ಈಗ ಹಿತ್ತಲಿಗೆ ಹೋಗಿ ಸೋಪು ಹಾಕಿ ತೊಳೆಯುತ್ತೇನೆ. ಪ್ರಸಾದ ಮುಟ್ಟಿ ಕೈ ತೊಳೆಯುವ ಸೊಸೆಯನ್ನು ಎಂಬತ್ತರ ಅಜ್ಜಿಯೊಬ್ಬರು ನೋಡಿದ ನೋಟವಿತ್ತಲ್ಲ, ಅದು ಟಿಟಿಜಿ ಅಂಕಿಗಿಂತ ಮೇಲಿತ್ತು.

ಯುಗಾದಿಗೆ ನಾನು ಬರೀ ಹೂರಣದವಳು. ಹೋಳಿಗೆಯ ಮೇಲ್ಹೊದಿಕೆಗೆ ನಾದಿಡುವ ಮೈದಾ ಹಿಟ್ಟಿಗೆ ಕನಕ ಅನ್ನುತ್ತೇವಲ್ಲ, ಚಿನ್ನದ ಜಿಲ್ಲೆಯಲ್ಲಿ ಹುಟ್ಟಿ ಕನಕ ಮುಟ್ಟದವಳು ನಾನೊಬ್ಬಳೇ. ಹೂರಣದ ಉಂಡೆಯನ್ನು ಬಟ್ಟಲಲ್ಲಿಟ್ಟು ಮೇಲೆ ಬಿಸಿ ತುಪ್ಪ ಬಿಟ್ಟುಕೊಳ್ಳುತ್ತೇನೆ. ಗುಟ್ಟಿನ ಮಾತು: ಇದು ಹೋಳಿಗೆಗಿಂತ ರುಚಿ.

ಚಿನ್ನ ಅಂದಾಗ ನೆನಪಾಯಿತು. ಗ್ಲುಟೆನ್ ಇಲ್ಲ ಅಂತ ಪ್ಯಾಕೆಟ್ಟಿನ ಮೇಲೆ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಇರಬಾರದು ಅಂತ ಕಾನೂನು. ಟನ್ನಿನ ಲೆಕ್ಕದಲ್ಲಿ 20 ಗ್ರಾಂ. ನಮ್ಮ ಚಿಕ್ಕಪ್ಪ ಕೆಜಿಎಫ್ ಗಣಿಯಲ್ಲಿದ್ದವರು, 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೂ. ಟನ್ನುಗಟ್ಟಲೆ ಕಲ್ಲು ಪುಡಿ ಮಾಡಿ ಗ್ರಾಂ ಲೆಕ್ಕದಲ್ಲಿ ಚಿನ್ನ ತೆಗೆಯುತ್ತಿದ್ದೆವು, ಕೊನೆಕೊನೆಗೆ ಟನ್ನಿಗೆ ಕೆಲವೇ ಗ್ರಾಂ, ಅಂತ ಹೇಳುತ್ತಿದ್ದರು. ಅವರಿಗೆ ಮಾತ್ರ ನನ್ನ ಕಾಯಿಲೆ ಥಟ್ಟನೆ ಅರ್ಥವಾಯಿತು. “ಅಷ್ಟು ಸಾಕಮ್ಮ. ಅಷ್ಟಕ್ಕೇ ಒಂದು ಊರು ಕಟ್ಟಿದ್ವಿ” ಅಂದರು.

ಈ ಗ್ರಾಂ ಲೆಕ್ಕ ನನ್ನನ್ನು ಕರೆದುಕೊಂಡು ಹೋದದ್ದು ಹಿಟ್ಟಿನ ಮಿಷನ್ನಿಗೆ. ಕೋಲಾರದಲ್ಲಿ ನಮ್ಮ ಬೀದಿ ತುದಿಯ ಮಿಷನ್ನಿನಲ್ಲಿ ಎಲ್ಲರ ಹಾಗೆ ನಾನೂ ರಾಗಿ ಬೀಸಿಸುತ್ತಿದ್ದೆ. ಮಿಷನ್ನಿನವನ ರೆಪ್ಪೆಯ ಮೇಲೂ ಹಿಟ್ಟು. ಬೆಲ್ಟು ಪಟಪಟ ಹೊಡೆದುಕೊಳ್ಳುತ್ತದೆ, ಕೊಳವೆಯ ಬಾಯಿಗೆ ಕಟ್ಟಿದ ಬಟ್ಟೆಯ ಚೀಲ ಉಸಿರಾಡುವ ಹಾಗೆ ಉಬ್ಬಿ ಇಳಿಯುತ್ತದೆ. ನನಗಿಂತ ಮುಂದೆ ನಿಂತಿದ್ದಾಕೆಯ ಗೋಧಿ ಮುಗಿಯಿತು, ಅವನು ನನ್ನ ರಾಗಿ ಸುರಿದ. ಕೆಳಗೆ ಡಬ್ಬಿಯಲ್ಲಿ ಮೊದಲು ಬಿದ್ದ ಹಿಟ್ಟು ಬೆಳ್ಳಗಿತ್ತು. ಆಮೇಲೆ ನಿಧಾನವಾಗಿ ಕಂದಿತು, ಬೂದಿಯಾಯಿತು, ಕೊನೆಗೆ ರಾಗಿಯ ಬಣ್ಣಕ್ಕೆ ಬಂತು. ವರ್ಷಗಟ್ಟಲೆ ಅದನ್ನು ನೋಡಿದ್ದೇನೆ, ಕಂಡಿರಲಿಲ್ಲ. “ಇದು ಹಂಗೇ ಮೇಡಂ. ಮೊದಲ ಸೇರು ಹಿಂದಿನೋರ್ದು, ನಿಮ್ದು ಮುಂದಿನೋರ್ಗೆ” ಅಂದ. ಎಷ್ಟು ನ್ಯಾಯವಾದ ವ್ಯವಸ್ಥೆ! ಇಡೀ ಬೀದಿ ಒಬ್ಬರ ಹಿಟ್ಟನ್ನು ಒಬ್ಬರು ಉಣ್ಣುತ್ತಿದೆ, ಯಾರಿಗೂ ನಷ್ಟವಿಲ್ಲ, ನನ್ನ ಕರುಳನ್ನು ಬಿಟ್ಟು.

ತವರಿಗೆ ಹೋಗಿ ಅಜ್ಜಿಯ ಬೀಸುವ ಕಲ್ಲನ್ನು ಬಸ್ಸಿನಲ್ಲಿ ತಂದೆ. ಕಂಡಕ್ಟರು ಲಗೇಜು ಟಿಕೆಟ್ಟು ಹರಿದ. ಒಂದು ಕಿಲೋ ಬೀಸುವಷ್ಟರಲ್ಲಿ ರಟ್ಟೆ ಬಿದ್ದುಹೋಯಿತು. ಅಜ್ಜಿ ಹಾಡಿಕೊಂಡು ಬೀಸುತ್ತಿದ್ದಳು. ನನಗೆ ಹಾಡಲಿಕ್ಕೆ ಉಸಿರೇ ಉಳಿಯಲಿಲ್ಲ. ಪರಿಹಾರ ಸಿಕ್ಕಿದ್ದು ನಮ್ಮ ಶಾಲೆಯಿರುವ ಹಳ್ಳಿಯಲ್ಲೇ. ಅಲ್ಲಿಯ ಮಿಷನ್ನಿಗೆ ಗೋಧಿ ಬರುವುದೇ ಇಲ್ಲ. “ಗೋದಿ ಯಾರ್ ತತ್ತಾರೆ ಮಿಸ್? ಅದು ಪಾಕೀಟಲ್ಲೇ ಹಿಟ್ಟಾಗಿ ಬತ್ತದೆ” ಅಂದ ಅದರ ಯಜಮಾನ. ಹಳ್ಳಿಯವರಿಗೆ ಗೋಧಿ ಅಷ್ಟು ದೂರದ ನೆಂಟ. ಈಗ ತಿಂಗಳಿಗೊಮ್ಮೆ ಐದು ಕಿಲೋ ರಾಗಿ ಹೊತ್ತು ಮುಳಬಾಗಿಲು ಬಸ್ಸು ಹತ್ತುತ್ತೇನೆ, ಸಂಜೆ ಹಿಟ್ಟು ಹೊತ್ತು ವಾಪಸಾಗುತ್ತೇನೆ.

ಇಷ್ಟೆಲ್ಲ ಮಾಡಿಯೂ ಆರು ತಿಂಗಳ ನಂತರದ ರಕ್ತ ಪರೀಕ್ಷೆಯಲ್ಲಿ ಅಂಕಿ ಇಳಿಯಬೇಕಾದಷ್ಟು ಇಳಿದಿರಲಿಲ್ಲ. “ಏನೋ ತಿನ್ನುತ್ತಿದ್ದೀರಿ” ಅಂದರು ಡಾಕ್ಟರು. ಕದ್ದು ತಿಂದವಳ ಹಾಗೆ ತಲೆ ತಗ್ಗಿಸಿದೆ. ಮನೆಗೆ ಬಂದು ಅಡುಗೆಮನೆಯ ಒಂದೊಂದೇ ಡಬ್ಬಿ ಇಳಿಸಿ, ಕನ್ನಡಕ ಹಾಕಿಕೊಂಡು ಓದಿದೆ. ಸಾಸಿವೆ ಡಬ್ಬಿಯ ಹಿಂದೆ ಸಿಕ್ಕಿತು ಇಂಗು. ಬೆರಳುದ್ದದ ಡಬ್ಬಿ, ಇರುವೆಯಷ್ಟು ಅಕ್ಷರ: ಖಾದ್ಯ ಗೋಂದು, ಗೋಧಿ ಹಿಟ್ಟು, ಇಂಗು. ಅಪ್ಪಟ ಇಂಗು ಮುಟ್ಟಲಾಗದಷ್ಟು ಘಾಟು, ಆಫ್ಘಾನಿಸ್ತಾನ ಇರಾನುಗಳ ಕಡೆಯಿಂದ ಬರುವ ದುಬಾರಿ ಮಾಲು. ಹಾಗಾಗಿ ಹಿಟ್ಟು ಬೆರೆಸಿ ಪುಡಿ ಮಾಡಿ ಮಾರುತ್ತಾರೆ. ಆರು ತಿಂಗಳು ದಿನಾ ತಿಳಿಸಾರಿನಲ್ಲಿ, ಮಜ್ಜಿಗೆಯಲ್ಲಿ, ಉಪ್ಪಿನಕಾಯಿಯಲ್ಲಿ ಚಿಟಿಕೆ ಚಿಟಿಕೆಯಾಗಿ ಗೋಧಿ ತಿಂದಿದ್ದೇನೆ. ಇಂಗು ತಿಂದ ಮಂಗ ಅನ್ನುವ ಮಾತು ಯಾರನ್ನು ನೋಡಿ ಹುಟ್ಟಿತೋ ಗೊತ್ತಿಲ್ಲ, ಆವತ್ತು ಕನ್ನಡಿ ನೋಡಿಕೊಂಡೆ.

ಅಂದಿನಿಂದ ಹೊರಗೆ ಸಾರು ಕಂಡರೂ ಅನುಮಾನ. ಮುಳಬಾಗಿಲಿನಲ್ಲಿ ದೋಸೆಗೆ ಹೆಸರಾದ ಹೋಟೆಲುಗಳಿವೆ, ತುಪ್ಪ ಹೊಯ್ದು ಹೊಂಬಣ್ಣಕ್ಕೆ ಬೇಯಿಸಿದ ದಪ್ಪ ದೋಸೆ ತಿನ್ನಲು ಬೆಂಗಳೂರಿನಿಂದ ಕಾರು ಕಟ್ಟಿಕೊಂಡು ಬರುತ್ತಾರೆ. ಅಕ್ಕಿ ಉದ್ದಿನ ದೋಸೆ, ನನಗೆ ನಿಷಿದ್ಧವೇನಲ್ಲ. ಆದರೂ ಒಂದು ಕಡೆ ಹೋಗಿ ಕೇಳಿದೆ, “ಹಿಟ್ಟಿಗೆ ರವೆ ಮೈದಾ ಏನಾದ್ರೂ ಸೇರಿಸ್ತೀರಾ? ಇದೇ ಕಾವಲಿ ಮೇಲೆ ಚಪಾತಿ ಹಾಕ್ತೀರಾ?” ದೋಸೆ ಹುಯ್ಯುತ್ತಿದ್ದ ಅಜ್ಜ ಸೌಟು ಕೆಳಗಿಟ್ಟ. ಮೂರು ತಲೆಮಾರಿನಿಂದ ಯಾರೂ ಕೇಳದ ಪ್ರಶ್ನೆ. “ಚಪಾತಿ ಬೇಕಾದ್ರೆ ಬೇರೆ ಕಡೆ ಹೋಗಮ್ಮ” ಅಂದ. ಅಷ್ಟು ಖಚಿತವಾದ ಪ್ರಮಾಣಪತ್ರ ನನಗೆ ಯಾವ ಪ್ರಯೋಗಾಲಯವೂ ಕೊಟ್ಟಿಲ್ಲ. ಬೆಳಿಗ್ಗೆಯ ಮೊದಲ ದೋಸೆ ತಿಂದೆ. ಏನೂ ಆಗಲಿಲ್ಲ.

ಶಾಲೆಯಲ್ಲಿ ನನಗೆ ಕಾವಲಿಗೆ ನೂರಿಪ್ಪತ್ತು ಜನ ಇದ್ದಾರೆ. 2024ರಿಂದ ಮಕ್ಕಳಿಗೆ ಹಾಲಿನಲ್ಲಿ ರಾಗಿ ಮಾಲ್ಟ್ ಬೆರೆಸಿ ಕೊಡುತ್ತಾರೆ. ಮಾಲ್ಟ್ ಅನ್ನುವ ಹೆಸರು ಕೇಳಿಯೇ ನಾನು ಹಿಂದೆ ಸರಿಯುತ್ತೇನೆ, ಬಾರ್ಲಿಯ ಮಾಲ್ಟಿನ ಭಯ. ಒಂಬತ್ತನೇ ತರಗತಿಯ ಹುಡುಗನೊಬ್ಬ ಮೂಟೆಯ ಮೇಲಿನ ಅಕ್ಷರವನ್ನೆಲ್ಲ ಓದಿಕೊಂಡು ಬಂದು ವರದಿ ಒಪ್ಪಿಸಿದ. ಯಾರದೋ ಹುಟ್ಟುಹಬ್ಬಕ್ಕೆ ಕೇಕು ಬಂದರೆ ಮುಂದಿನ ಬೆಂಚಿನವರು ಎದ್ದು ನಿಂತು ಅಡ್ಡ ಹಾಕುತ್ತಾರೆ, “ಮಿಸ್‌ಗೆ ಬ್ಯಾಡ, ಅದ್ರಲ್ಲಿ ಗೋದಿ ಐತೆ”. ರವೆ ಗೋಧಿಯದು ಅಂತ ಈ ತಾಲ್ಲೂಕಿನಲ್ಲಿ ಸರಿಯಾಗಿ ತಿಳಿದಿರುವುದು ಈ ಮಕ್ಕಳಿಗೆ ಮಾತ್ರ. ಪಬ್ಲಿಕ್ ಪರೀಕ್ಷೆಯಲ್ಲಿ ಈ ಪ್ರಶ್ನೆ ಬರುವುದಿಲ್ಲವಲ್ಲ ಅಂತ ನನಗೆ ಬೇಸರ.

ಸಮೀಕ್ಷೆಯ ಕೊನೆಯ ವಾರ ನಂಗಲಿಯ ಕಡೆ ಒಂದು ಹಳ್ಳಿಗೆ ಹೋಗಿದ್ದೆ. ಗಡಿ, ಹಾಗಾಗಿ ಮನೆಮಾತು ತೆಲುಗು, ಬೀದಿಯ ಮಾತು ಕನ್ನಡ, ಬೈಗುಳ ಎರಡರಲ್ಲೂ. ಅತ್ತೆ ಸೊಸೆ ಇಬ್ಬರೇ ಇದ್ದ ಮನೆ. ಜಗುಲಿಯ ಮೇಲೆ ಕೂತು ಇಪ್ಪತ್ತನೇ ಪ್ರಶ್ನೆಗೆ ಬರುವಷ್ಟರಲ್ಲಿ ಸೊಸೆ ಯಾವಾಗಲೋ ಒಳಗೆ ಜಾರಿದ್ದಳು. ಹುಡುಗನೊಬ್ಬ ಅಂಗಡಿಯಿಂದ ಪೊಟ್ಟಣ ಹಿಡಿದು ಓಡಿ ಬಂದ. ಸಾಸಿವೆ ಸಿಡಿಯಿತು. ಆಮೇಲೆ ಆ ಘಮ.

ಆ ದಿನ ನನಗೆ ಬೆಳಿಗ್ಗೆಯಿಂದ ಹೊಟ್ಟೆಗೇನೂ ಇರಲಿಲ್ಲ. ಚೀಲದಲ್ಲಿದ್ದ ಎರಡು ಬಾಳೆಹಣ್ಣು ಹತ್ತು ಗಂಟೆಗೇ ಮುಗಿದಿದ್ದವು. ನಾಚಿಕೆ ಬಿಟ್ಟು, “ಅಮ್ಮಾ, ಉಪ್ಪಿಟ್ಟು ಬೇಡ. ಹಿಟ್ಟಿದ್ರೆ ಹಾಕಿ” ಅಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ವಾಚು. “ಸಂಗಟಾ? ನುವ್ವು ತಿಂಟಾವಾ?” ಅಂತ ತೆಲುಗಿನಲ್ಲಿ ಕೇಳಿದಳು, ಗುಟ್ಟಿನ ಹಾಗೆ. ಮುದ್ದೆ ತಿನ್ನುತ್ತೇನೆ ಅಂದೆ. ಒಳಗೆ ಅತ್ತೆಗೂ ಸೊಸೆಗೂ ಸಣ್ಣ ಮಾತುಕತೆ ನಡೆಯಿತು. ಸೊಸೆಗೆ ಸುತರಾಂ ಇಷ್ಟವಿರಲಿಲ್ಲ, ಸರ್ಕಾರದಿಂದ ಬಂದವರಿಗೆ ಬೆಳಿಗ್ಗೆಯ ಮುದ್ದೆಯೇ ಅಂತ. ಅಜ್ಜಿಯೇ ಗೆದ್ದಳು. ಒಲೆಯ ಹಿಂದಿನಿಂದ ಪಾತ್ರೆ ಬಂತು, ಮುಚ್ಚಿದ ತಟ್ಟೆಯ ಅಡಿಯಲ್ಲಿ ಹಬೆ ನೀರಾಗಿ ಹನಿಗಟ್ಟಿತ್ತು. ಇನ್ನೂ ಬೆಚ್ಚಗಿದ್ದ ಮುದ್ದೆಗೆ ಅಜ್ಜಿ ಕೈಯೊದ್ದೆ ಮಾಡಿಕೊಂಡು ಮತ್ತೊಮ್ಮೆ ಉರುಟು ಕೊಟ್ಟಳು. ಪಕ್ಕದಲ್ಲಿ ಹುರುಳಿಕಾಳಿನ ಬಸ್ಸಾರು. ಇಂಗು ಹಾಕಿದ್ದೀರಾ ಅಂತ ಕೇಳಿದೆ. “ಬೆಳ್ಳುಳ್ಳಿ ಹಾಕೋ ಮನೇಲಿ ಇಂಗಿಗೇನ್ ಕೆಲ್ಸ” ಅಂದಳು. ರಾಗಿ ಎಲ್ಲಿ ಬೀಸಿಸಿದ್ದು ಅಂತಲೂ ಕೇಳಿದೆ. ಹೊಲದ ರಾಗಿ, ಊರಿನ ಮಿಷನ್ನು. ಅರವತ್ತು ಪ್ರಶ್ನೆಗೆ ಇವೆರಡು ಸೇರಿ ಅರವತ್ತೆರಡಾಯಿತು.

ಮೊದಲ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿದೆ. ಅಜ್ಜಿ ನಾನು ನುಂಗುವುದನ್ನೇ ನೋಡುತ್ತಿದ್ದಳು. ಗಂಟಲಲ್ಲಿ ಇಳಿದ ರೀತಿ ನೋಡಿ ಇವಳು ನಮ್ಮವಳೇ ಅಂತ ಖಾತ್ರಿಯಾಗಿರಬೇಕು, ತಾನೂ ಒಂದು ತಟ್ಟೆ ಹಾಕಿಕೊಂಡು ಎದುರಿಗೆ ಕೂತಳು. ಉಳಿದ ಪ್ರಶ್ನೆಗಳನ್ನು ಇಬ್ಬರೂ ಉಣ್ಣುತ್ತಲೇ ಮುಗಿಸಿದೆವು. ಉಪ್ಪಿಟ್ಟನ್ನು ಅಂಗಡಿಗೆ ಓಡಿದ್ದ ಹುಡುಗ ಬಾಗಿಲ ಮರೆಯಲ್ಲಿ ಬಾಣಲೆ ಸಮೇತ ಮುಗಿಸುತ್ತಿದ್ದ.

ಕೈ ತೊಳೆದು, ಒಟಿಪಿ ಹಾಕಿಸಿಕೊಂಡು, ಚಪ್ಪಲಿ ಮೆಟ್ಟುತ್ತಿದ್ದೆ. ಸೊಸೆ ಬಾಗಿಲಿಗೆ ಬಂದು ನಿಂತಳು. ಇನ್ನೂ ಕೋಪ ಇಳಿದಿರಲಿಲ್ಲ.

“ಇನ್ನೊಂದ್ಸಲ ಯಾರ್ನಾದ್ರೂ ಕಳ್ಸೋದಿದ್ರೆ ಮೊದ್ಲೇ ಹೇಳ್ಬಿಡಿ ಮೇಡಂ. ಅರ್ಧ ಕೇಜಿ ರವೆ ತರ್ಸಿದ್ದೆ.”